ಗ್ರಾಫಿಕ್ಸ್ ಕಾರ್ಡ್ ಬೇಡ, ಎಸ್‌ಎಂಪಿಎಸ್ ಒಳ್ಳೆಯದು ಹಾಕಿ

ಮಲ್ಪೆಯ ಮನೆಗೆ, ಮಕ್ಕಳ ಓದಿಗೂ ಅಂಗಡಿ ಲೆಕ್ಕಕ್ಕೂ ಬೇಕಾದ ಕಂಪ್ಯೂಟರಿಗೆ ಎಎಂಡಿಯ ರೈಝನ್ 5 5600 ಪ್ರೊಸೆಸರ್ ಸಾಕಾ ಅಂತ ಕೇಳಿದ್ದೀರಿ. ಧಾರಾಳ ಸಾಕು. ಆದರೆ ಕೊನೆಯಲ್ಲಿ ‘ಜಿ’ ಇರುವ 5600ಜಿ ತಗೊಳ್ಳಿ. ಜಿ ಇಲ್ಲದ 5600ರ ಒಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ, ಬೇರೆ ಕಾರ್ಡ್ ಹಾಕದೆ ಮಾನಿಟರಿನಲ್ಲಿ ಏನೂ ಬರುವುದಿಲ್ಲ. ಇಂಟೆಲ್‌ನಲ್ಲಿ ಉಲ್ಟಾ, ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ.

ರ್‍ಯಾಮ್ 16 ಜಿಬಿಯ ಒಂದರ ಬದಲು 8ರ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಅದನ್ನೇ ಹಂಚಿಕೊಳ್ಳುತ್ತದೆ ಅಲ್ವಾ, ಎರಡಿದ್ದರೆ ವೇಗ ಜಾಸ್ತಿ. ಫೈಲು ಇಡಲು 500 ಜಿಬಿ ಎಸ್‌ಎಸ್‌ಡಿ ಸಾಕು.

ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮಾತ್ರ ಬೇಡ ಮಾರಾಯ್ರೆ. ನನ್ನದು ಒಂದೇ ಮಳೆಗಾಲಕ್ಕೆ ಸುಟ್ಟುಹೋಯಿತು, ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು. ಗುಡುಗು ಶುರುವಾದರೆ ಯುಪಿಎಸ್ ಇದ್ದರೂ ಪ್ಲಗ್ ತೆಗೆಯಿರಿ, ಇಂಟರ್‌ನೆಟ್ ಕೇಬಲನ್ನೂ.