ಜರ್ಮನಿಯಲ್ಲಿ ಹಳೆಯ ಸೈಕಲ್ಲನ್ನು ರಸ್ತೆಗೆ ಇಳಿಸುವ ಮುನ್ನ: ಬ್ರೇಕು, ದೀಪ, ಗಂಟೆ

ಆಕೆನ್‌ಗೆ ಓದಲು ಬಂದಿರುವ ತಂಗಿಯೊಬ್ಬರು ಇಲ್ಲಿ ಕೇಳಿರುವ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ. ಹಳೆ ಸಾಮಾನಿನ ಸಂತೆಯಲ್ಲಿ 70 ಯೂರೋ ಕೊಟ್ಟು ಅವರು ಸೈಕಲ್ ಕೊಂಡಿದ್ದಾರೆ. ಅದರ ಹಳೆಯ ದೀಪ ಉರಿಯದ ಕಾರಣ ಊರಿನಿಂದ ತಂದಿದ್ದ ಮಿನುಗುವ ದೀಪವನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದಾರೆ. ಕಳೆದ ವಾರ ಸಂಜೆ ಪೊಲೀಸರು ನಿಲ್ಲಿಸಿ 20 ಯೂರೋ ದಂಡ ಹಾಕಿದರಂತೆ. ದೀಪ ಉರಿಯುತ್ತಿದ್ದರೂ ದಂಡ ಏಕೆ, ಇನ್ನು ಏನೇನು ಹಾಕಿಸಬೇಕು ಎಂಬುದು ಅವರ ಪ್ರಶ್ನೆ. ಹೆಲ್ಮೆಟ್, ಕನ್ನಡಿ, ಹೊಳೆಯುವ ಜಾಕೆಟ್ ಎಲ್ಲವೂ ಕಡ್ಡಾಯವೆಂದು ಕೆಲವರು ಈಗಾಗಲೇ ಬರೆದಿದ್ದಾರೆ, ಅದು ಸರಿಯಲ್ಲ. ನಾನು ಹನ್ನೊಂದು ವರ್ಷಗಳಿಂದ ಹ್ಯಾನೋವರ್‌ನಲ್ಲಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಪ್ರತಿ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರ ನಾಲ್ಕಾರು ಸೈಕಲ್ಲುಗಳು ರಿಪೇರಿಗೆ ನಮ್ಮ ಮನೆಯ ಅಂಗಳಕ್ಕೆ ಬರುತ್ತವೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಇವೇ ಕೊರತೆಗಳು.

ಇಲ್ಲಿ ಸೈಕಲ್ಲಿನ ಮೇಲೆ ಏನಿರಬೇಕು ಎಂಬುದನ್ನು ವಾಹನಗಳನ್ನು ರಸ್ತೆಗೆ ಬಿಡುವ ನಿಯಮಾವಳಿಯೇ ಹೇಳುತ್ತದೆ. ಗಂಟೆಗೆ 64ಎ, ಬ್ರೇಕಿಗೆ 65, ದೀಪ ಮತ್ತು ಪ್ರತಿಫಲಕಗಳಿಗೆ 67 ಎಂದು ಬೇರೆ ಬೇರೆ ಕಲಮುಗಳಿವೆ. ಹೆಲ್ಮೆಟ್, ಕನ್ನಡಿ, ಮಡ್‌ಗಾರ್ಡ್, ಸ್ಟ್ಯಾಂಡ್ ಇವು ಯಾವುವೂ ಸಾಮಾನ್ಯ ಸೈಕಲ್ಲಿಗೆ ಕಡ್ಡಾಯವಲ್ಲ.

ಪೊಲೀಸರು ದೀಪವನ್ನು ನೋಡಿದರು ನಿಜ, ಆದರೆ ನೀವು ಮೊದಲು ಬ್ರೇಕನ್ನು ನೋಡಿಕೊಳ್ಳಬೇಕು. ಒಂದು ಕೆಟ್ಟರೆ ಇನ್ನೊಂದು ಉಳಿಯುವಂತೆ, ಒಂದನ್ನೊಂದು ಅವಲಂಬಿಸದ ಎರಡು ಬ್ರೇಕುಗಳು ಇರಲೇಬೇಕು. ಇಲ್ಲಿಯ ಹಳೆಯ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಹಿಂದಿನ ಬ್ರೇಕು ಪೆಡಲ್ಲಿನಲ್ಲಿಯೇ ಇರುತ್ತದೆ. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುತ್ತದೆ. ಕಾನೂನು ಅದನ್ನು ಒಂದು ಬ್ರೇಕೆಂದು ಒಪ್ಪುತ್ತದೆ. ಆದರೆ ಆ ಬ್ರೇಕು ಚೈನಿನ ಮೂಲಕ ಕೆಲಸ ಮಾಡುವುದರಿಂದ, ಇಳಿಜಾರಿನಲ್ಲಿ ಚೈನು ಕಳಚಿತೆಂದರೆ ಬ್ರೇಕೂ ಹೋದಂತೆಯೇ. ಆದ್ದರಿಂದ ಅಂಥ ಸೈಕಲ್ಲಿನಲ್ಲಿ ಮುಂದಿನ ಕೈಬ್ರೇಕು ಸಡಿಲವಾಗಿದ್ದರೆ ಒಂದು ದಿನವೂ ಓಡಿಸಬೇಡಿ. ಆಕೆನ್ ಏರಿಳಿತದ ಊರು. ಸಮತಟ್ಟಾದ ಹ್ಯಾನೋವರ್‌ನಲ್ಲಿ ನಡೆದುಹೋಗುವ ಬ್ರೇಕು ಅಲ್ಲಿ ಸಾಲುವುದಿಲ್ಲ.

ನಮ್ಮವರು ತಿಳಿದಿರಲೇಬೇಕಾದ ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಊರಿನ ಸೈಕಲ್ಲುಗಳಲ್ಲಿ ಬಲಗೈಯ ಬ್ರೇಕು ಮುಂಚಕ್ರಕ್ಕೆ, ಎಡಗೈಯದು ಹಿಂಚಕ್ರಕ್ಕೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಎಡಗೈ ಹಿಡಿದರೆ ಮುಂಚಕ್ರ ನಿಲ್ಲುತ್ತದೆ. ನಾನು ಬಂದ ಮೊದಲ ವಾರದಲ್ಲಿ ಟ್ರ್ಯಾಮ್ ಹಳಿಯ ಪಕ್ಕದಲ್ಲಿ ನಾಯಿಯೊಂದು ಅಡ್ಡ ಬಂದಾಗ, ಶಿವಮೊಗ್ಗದಲ್ಲಿ ಚಿಕ್ಕಂದಿನಿಂದ ಮಾಡಿದ ಅಭ್ಯಾಸದಂತೆ ಎಡಗೈಯನ್ನು ಬಿಗಿಯಾಗಿ ಹಿಡಿದೆ. ಹಿಂಚಕ್ರ ನೆಲ ಬಿಟ್ಟು ಎದ್ದಿತು, ನಾನು ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬಿದ್ದೆ. ಅಂಗೈ ತರಚಿದ್ದರಲ್ಲಿ ಮುಗಿಯಿತು. ಕೇಬಲ್ಲುಗಳನ್ನು ಅದಲು ಬದಲು ಮಾಡಿಸಲೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಇಲ್ಲಿ ಸಂಚಾರ ಬಲಬದಿಯಲ್ಲಿರುವುದರಿಂದ, ಎದುರು ಬರುವ ವಾಹನಗಳನ್ನು ದಾಟಿ ಎಡಕ್ಕೆ ತಿರುಗುವಾಗ ನೀವು ಎಡಗೈ ಚಾಚಿ ಸೂಚನೆ ಕೊಡುತ್ತೀರಿ. ಆಗ ಹ್ಯಾಂಡಲ್ಲಿನ ಮೇಲೆ ಉಳಿಯುವ ಬಲಗೈಯಲ್ಲಿ ಹಿಂದಿನ ಬ್ರೇಕು ಇರುವುದೇ ಕ್ಷೇಮ. ಕೇಬಲ್ ಬದಲಿಸುವ ಬದಲು ಖಾಲಿ ಜಾಗದಲ್ಲಿ ಅರ್ಧ ಗಂಟೆ ನಿಧಾನವಾಗಿ ಅಭ್ಯಾಸ ಮಾಡಿ. ಪರೀಕ್ಷೆ ಮಾಡುವುದೂ ಸುಲಭ: ಸೈಕಲ್ಲಿನ ಪಕ್ಕದಲ್ಲಿ ನಿಂತು, ಮುಂದಿನ ಬ್ರೇಕು ಹಿಡಿದು ಮುಂದಕ್ಕೆ ನೂಕಿದಾಗ ಹಿಂಚಕ್ರ ಏಳಬೇಕು; ಹಿಂದಿನದನ್ನು ಹಿಡಿದು ನೂಕಿದಾಗ ಹಿಂಚಕ್ರ ಉರುಳದೆ ಜಾರಬೇಕು. ಬ್ರೇಕಿನ ರಬ್ಬರಿನಲ್ಲಿರುವ ಗೀರುಗಳು ಸವೆದು ಮಾಯವಾಗಿದ್ದರೆ ಜೋಡಿಯನ್ನೇ ಬದಲಿಸಿ, ದುಬಾರಿಯಲ್ಲ.

ಇನ್ನು ದೀಪದ ಮಾತು. ನಿಮಗೆ ದಂಡ ಬಿದ್ದದ್ದು ದೀಪ ಮಂಕಾಗಿದ್ದಕ್ಕಲ್ಲ. ಇಲ್ಲಿ ಸೈಕಲ್ ದೀಪ ಸರ್ಕಾರದ ಅನುಮೋದನೆ ಪಡೆದ ಮಾದರಿಯದೇ ಆಗಿರಬೇಕು. ದೀಪದ ಮೈಮೇಲೆ ಅಲೆಯಂತಹ ಒಂದು ಗೆರೆ, ಅದರ ಪಕ್ಕ ಇಂಗ್ಲಿಷಿನ ಕೆ ಅಕ್ಷರ, ನಂತರ ಒಂದು ಸಂಖ್ಯೆ ಅಚ್ಚಾಗಿದ್ದರೆ ಅದು ಅನುಮೋದಿತವಾದದ್ದು. ಅಕ್ಷರ ತೀರ ಚಿಕ್ಕದಾಗಿ, ಹೆಚ್ಚಾಗಿ ಗಾಜಿನ ಅಂಚಿನಲ್ಲಿ ಅಥವಾ ತಳಭಾಗದಲ್ಲಿ ಇರುತ್ತದೆ. ಮೊಬೈಲ್ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಬೇಕು. ಮುಂದಿನದು ಬಿಳಿ, ಹಿಂದಿನದು ಕೆಂಪು, ಎರಡೂ ಒಂದೇ ಸಮನೆ ಉರಿಯಬೇಕು. ಮಿನುಗುವುದಕ್ಕೆ ಮುಂದೆಯೂ ಹಿಂದೆಯೂ ಅನುಮತಿಯಿಲ್ಲ. ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಆ ಸಂಜೆ ನಿಮ್ಮ ಸೈಕಲ್ಲಿನಲ್ಲಿ ದೀಪವೇ ಇರಲಿಲ್ಲ. ಇದರಿಂದ ಬೇರೆಯವರಿಗೆ ಅಪಾಯವಾದರೆ ದಂಡ 25 ಯೂರೋ, ಅಪಘಾತವೇ ಆದರೆ 35 ಯೂರೋ. ದಂಡದ ಮೊತ್ತ ದೊಡ್ಡದಲ್ಲ, ಆದರೆ ನಿಯಮದ ಹಿಂದಿನ ಕಾರಣ ಸರಿಯಾದದ್ದೇ. ಮಿನುಗುವ ದೀಪ ಕಣ್ಣಿಗೆ ಬೇಗ ಬೀಳುತ್ತದೆ, ಆದರೆ ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ಅಂದಾಜಿಸುವುದು ಕಾರಿನವರಿಗೆ ಕಷ್ಟ.

ಊರಿನಿಂದ ತಂದ ಅಥವಾ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ದೀಪಗಳ ಮೇಲೆ ಸಾವಿರ ಲುಮೆನ್, ಎರಡು ಸಾವಿರ ಲುಮೆನ್ ಎಂದು ಬರೆದಿರುತ್ತದೆ. ಇಲ್ಲಿಯ ಅನುಮೋದಿತ ದೀಪಗಳ ಮೇಲೆ ಲಕ್ಸ್ ಲೆಕ್ಕ ಇರುತ್ತದೆ. ಲುಮೆನ್ ಎಂದರೆ ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು. ಲಕ್ಸ್ ಎಂದರೆ ನಿರ್ದಿಷ್ಟ ಜಾಗದ ಮೇಲೆ ಬೀಳುವ ಬೆಳಕು. ಅನುಮೋದಿತ ದೀಪದ ಗಾಜು ಮತ್ತು ಕನ್ನಡಿಯನ್ನು ಬೆಳಕು ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕತ್ತರಿಸಿ ರಸ್ತೆಯ ಮೇಲೆ ಮಾತ್ರ ಹಾಸಿಕೊಳ್ಳುವಂತೆ ಮಾಡಿರುತ್ತಾರೆ. ಟಾರ್ಚಿನಂಥ ದೀಪ ಎದುರಿನವರ ಕಣ್ಣನ್ನೂ ಮರದ ಕೊಂಬೆಯನ್ನೂ ಬೆಳಗುತ್ತದೆ, ರಸ್ತೆಯ ಗುಂಡಿಯನ್ನು ಮಾತ್ರ ಬಿಡುತ್ತದೆ. ಕನಿಷ್ಠ 10 ಲಕ್ಸ್ ಇದ್ದರೆ ಕಾನೂನಿಗೆ ಸಾಕು. ಬೀದಿದೀಪವಿರುವ ಊರೊಳಗೆ 30 ಲಕ್ಸ್ ಧಾರಾಳ. ಹೊಲದ ನಡುವಿನ ಕತ್ತಲ ದಾರಿಯಲ್ಲಿ ನಿತ್ಯ ಹೋಗುವವರು ಇನ್ನೂ ಹೆಚ್ಚಿನದನ್ನು ಕೊಳ್ಳಲಿ.

ದೀಪವನ್ನು ಕೂರಿಸುವ ಕೋನವೂ ಮುಖ್ಯ. ನಾನು ಮಾಡುವ ಕ್ರಮ ಹೀಗಿದೆ: ಸೈಕಲ್ಲನ್ನು ಗೋಡೆಯಿಂದ ಐದು ಮೀಟರ್ ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ನೆಲದಿಂದ ದೀಪ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಗೋಡೆಯ ಮೇಲೆ ಬೆಳಕಿನ ನಡುಭಾಗ ಆ ಎತ್ತರದ ಅರ್ಧಕ್ಕೆ ಬೀಳುವಂತೆ ದೀಪವನ್ನು ಬಾಗಿಸಿ ತಿರುಪು ಬಿಗಿಯಿರಿ. ದೀಪ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಗೋಡೆಯ ಮೇಲೆ 40ಕ್ಕೆ. ಆಗ ಬೆಳಕು ಸುಮಾರು ಹತ್ತು ಮೀಟರ್ ಮುಂದೆ ನೆಲ ಮುಟ್ಟುತ್ತದೆ, ಎದುರಿನವರ ಕಣ್ಣು ಕುಕ್ಕುವುದಿಲ್ಲ. ಮುಂದಿನ ಬುಟ್ಟಿಯಲ್ಲಿ ಇಟ್ಟ ಚೀಲ ದೀಪವನ್ನು ಮುಚ್ಚಬಾರದು. ಸೀಟಿನ ಕಂಬಕ್ಕೆ ಕಟ್ಟಿದ ಹಿಂದಿನ ದೀಪವನ್ನು ನಮ್ಮ ಉದ್ದನೆಯ ಚಳಿಕೋಟಿನ ಅಂಚೇ ಮರೆಮಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸೀಟಿನ ಮೇಲೆ ಕುಳಿತು ಗೆಳತಿಯೊಬ್ಬರಿಗೆ ಹಿಂದಿನಿಂದ ನೋಡಲು ಹೇಳಿ.

ಬ್ಯಾಟರಿ ದೀಪವೇ, ಡೈನಮೋವೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. 2013ರವರೆಗೆ ಇಲ್ಲಿ ಸಾಮಾನ್ಯ ಸೈಕಲ್ಲಿಗೆ ಡೈನಮೋ ಕಡ್ಡಾಯವಾಗಿತ್ತು. ಆ ವರ್ಷದಿಂದ ಬ್ಯಾಟರಿ ದೀಪಕ್ಕೂ ಅನುಮತಿ ಬಂತು. 2017ರಿಂದ ಕಳಚಿಡಬಹುದಾದ ದೀಪವನ್ನು ಹಗಲಿನಲ್ಲಿ ಹಾಕಿಕೊಂಡಿರಬೇಕಾದ ಅಗತ್ಯವೂ ಇಲ್ಲ. ಮುಸ್ಸಂಜೆ, ಕತ್ತಲೆ, ಮಂಜು ಕವಿದಾಗ ಮಾತ್ರ ಜಾಗದಲ್ಲಿರಬೇಕು, ಉರಿಯಬೇಕು. ಆದರೆ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಬಹಳ ಬೇಗ ಬರುತ್ತದೆ. ಡಿಸೆಂಬರ್‌ನಲ್ಲಿ ಆಕೆನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆಗೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ಎಂಟು ಗಂಟೆಯ ತರಗತಿಗೆ ಹೋಗುವಾಗಲೂ ಬರುವಾಗಲೂ ಕತ್ತಲೆಯೇ ಎಂದು ಲೆಕ್ಕ ಹಾಕಿಕೊಳ್ಳಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ದೀಪವನ್ನು ಸೈಕಲ್ಲಿನಲ್ಲೇ ಬಿಡದೆ ಒಳಗೆ ತಂದಿಡಿ, ವಾರಕ್ಕೊಮ್ಮೆಯಾದರೂ ಚಾರ್ಜ್ ಮಾಡಿ. ಹೊರಗೆ ಬಿಟ್ಟ ದೀಪವನ್ನು ಯಾರಾದರೂ ಕಳಚಿಕೊಂಡು ಹೋಗುವುದೂ ಉಂಟು.

ಆದರೂ ಹೊಸ ದೀಪ ಕೊಳ್ಳುವ ಮೊದಲು ನಿಮ್ಮ ಸೈಕಲ್ಲಿನಲ್ಲಿ ಈಗಿರುವುದನ್ನು ಒಮ್ಮೆ ಪರೀಕ್ಷಿಸಿ, ಏಕೆಂದರೆ ಹತ್ತರಲ್ಲಿ ಆರೇಳು ಸಲ ಡೈನಮೋ ಕೆಟ್ಟಿರುವುದಿಲ್ಲ, ತಂತಿ ಕೆಟ್ಟಿರುತ್ತದೆ. ಟೈರಿನ ಪಕ್ಕಕ್ಕೆ ಒರಗುವ ಬಾಟಲಿಯಂಥ ಡೈನಮೋ ನಮ್ಮೂರಿನಲ್ಲಿ ಇದ್ದದ್ದೇ. ಅದಕ್ಕೆ ಹಲವು ಸಲ ಒಂದೇ ತಂತಿ ಇರುತ್ತದೆ, ಕರೆಂಟು ಮರಳುವ ದಾರಿ ಸೈಕಲ್ಲಿನ ಚೌಕಟ್ಟೇ. ಡೈನಮೋವನ್ನು ಫೋರ್ಕಿಗೆ ಬಿಗಿದಿರುವ ಜಾಗದಲ್ಲಿ ಬಣ್ಣವನ್ನು ಕಚ್ಚಿ ಒಳಗಿನ ಕಬ್ಬಿಣ ಮುಟ್ಟುವ ಒಂದು ಮೊನೆಯುಳ್ಳ ತಿರುಪು ಇರುತ್ತದೆ. ಅದನ್ನು ಬಿಚ್ಚಿ ನೋಡಿದರೆ ತುದಿಯಲ್ಲಿ ಕಂದು ಪುಡಿಯಂತೆ ತುಕ್ಕು ಕುಳಿತಿರುತ್ತದೆ. ಉಪ್ಪುಕಾಗದದಿಂದ ತುದಿಯನ್ನೂ ಅದು ಕೂರುವ ತೂತನ್ನೂ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಐದು ನಿಮಿಷದ ಕೆಲಸ, ಎಷ್ಟೋ ದೀಪಗಳು ಅಷ್ಟಕ್ಕೇ ಹತ್ತಿಕೊಂಡಿವೆ. ಹತ್ತದಿದ್ದರೆ ಹಿಂದಿನ ಮಡ್‌ಗಾರ್ಡಿನ ಕಡ್ಡಿಯ ಬಳಿ ತಂತಿ ಬಾಗುವ ಜಾಗವನ್ನು ಬೆರಳಿನಿಂದ ತಡವಿ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿದ್ದರೆ ಅಲ್ಲಿ ಮೆತ್ತಗೆ ಸಿಗುತ್ತದೆ. ಬಾಟಲಿ ಡೈನಮೋದ ದೋಷವೆಂದರೆ ಮಳೆ ಮತ್ತು ಹಿಮದಲ್ಲಿ ಅದರ ಗಾಲಿ ಟೈರಿನ ಮೇಲೆ ಜಾರುತ್ತದೆ. ಮುಂಚಕ್ರದ ನಡುವಿನ ಹಬ್ಬಿನೊಳಗೇ ಇರುವ ಡೈನಮೋಗೆ ಈ ತೊಂದರೆಯಿಲ್ಲ, ತುಳಿಯಲೂ ಹಗುರ. ಮುಂದಿನ ಸಲ ಸೈಕಲ್ ಕೊಳ್ಳುವವರು ಹಬ್ ಡೈನಮೋ ಇರುವುದನ್ನೇ ಹುಡುಕಿ, ಇಪ್ಪತ್ತು ಮೂವತ್ತು ಯೂರೋ ಹೆಚ್ಚಾದರೂ ಚಿಂತೆಯಿಲ್ಲ.

ಪ್ರತಿಫಲಕಗಳ ವಿಷಯ ಬೇಗ ಮುಗಿಯುತ್ತದೆ. ಇವು ದೀಪದಂತೆ ಕಳಚಿಡುವ ವಸ್ತುಗಳಲ್ಲ, ಹಗಲೂ ಇರುಳೂ ಸೈಕಲ್ಲಿನ ಮೇಲೆ ಇರಬೇಕು. ಮುಂದೆ ಒಂದು ಬಿಳಿ, ಹಿಂದೆ ಒಂದು ಕೆಂಪು. ಇವು ದೀಪದೊಳಗೇ ಸೇರಿದ್ದರೂ ಆಗುತ್ತದೆ, ಆದರೆ ಆ ದೀಪವನ್ನು ನೀವು ಕಳಚಿ ಒಳಗೆ ತಂದರೆ ಪ್ರತಿಫಲಕವೂ ಅದರೊಂದಿಗೆ ಬಂದುಬಿಡುತ್ತದೆ ಎಂಬುದು ನೆನಪಿರಲಿ. ಎರಡೂ ಪೆಡಲ್ಲುಗಳಲ್ಲಿ ಮುಂದಕ್ಕೂ ಹಿಂದಕ್ಕೂ ಹಳದಿ. ಚಕ್ರಗಳಿಗೆ ಮೂರು ದಾರಿಗಳಿವೆ: ಟೈರಿನ ಎರಡೂ ಮಗ್ಗುಲಲ್ಲಿ ಸುತ್ತಲೂ ಬಿಳಿ ಪಟ್ಟಿ, ಅಥವಾ ಪ್ರತಿಯೊಂದು ಕಡ್ಡಿಗೂ ಬಿಳಿ ಪ್ರತಿಫಲಕ ಕೊಳವೆ, ಅಥವಾ ಪ್ರತಿ ಚಕ್ರದಲ್ಲಿ ಎದುರುಬದುರಾಗಿ ಎರಡು ಹಳದಿ ಪ್ರತಿಫಲಕಗಳು. ಟೈರಿನ ಪಟ್ಟಿ ಹಗಲಿನಲ್ಲಿ ಬೂದುಬಣ್ಣದ ಕೊಳೆಯಂತೆ ಕಾಣುತ್ತದೆ. ಕತ್ತಲೆಯಲ್ಲಿ ಮೊಬೈಲಿನ ಫ್ಲ್ಯಾಶ್ ಹಾಕಿ ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಪಟ್ಟಿ ಸರಿಯಿದ್ದರೆ ಚಿತ್ರದಲ್ಲಿ ಎರಡು ಬೆಳ್ಳಿಯ ಬಳೆಗಳಂತೆ ಬೆಳಗುತ್ತದೆ. ಬೆಳಗದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ನೋಡಿ, ಆಮೇಲೆ ಬೇಕಾದರೆ ಕೊಳ್ಳಿ.

ಗಂಟೆ ಎಂದರೆ ಗಂಟೆಯೇ, ಸ್ಪಷ್ಟವಾಗಿ ಕೇಳಿಸುವಂಥದ್ದು. ಬ್ಯಾಟರಿಯ ಹಾರ್ನ್, ರಬ್ಬರ್ ಬುರುಡೆಯ ಪೀಪಿ ಇವನ್ನು ಗಂಟೆಯ ಬದಲು ಒಪ್ಪುವುದಿಲ್ಲ. ಗಂಟೆ ಇಲ್ಲದಿದ್ದರೆ ದಂಡ 15 ಯೂರೋ, ಗಂಟೆಯ ಬೆಲೆ ಅದಕ್ಕಿಂತ ಕಡಿಮೆ.

ಕ್ಯಾರಿಯರ್ ಮೇಲೆ ಗೆಳತಿಯರನ್ನು ಕೂರಿಸಿಕೊಳ್ಳಬಹುದೇ ಎಂದು ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ನಮ್ಮೂರಿನ ಡಬಲ್ ಸವಾರಿ ಇಲ್ಲಿ ನಡೆಯುವುದಿಲ್ಲ. ಇನ್ನೊಬ್ಬರನ್ನು ಒಯ್ಯಲೆಂದೇ ತಯಾರಿಸಿ ಸಜ್ಜುಗೊಳಿಸಿದ ಸೈಕಲ್ಲಿಗೆ ಮಾತ್ರ ಅನುಮತಿ. ಏಳು ವರ್ಷದೊಳಗಿನ ಮಕ್ಕಳನ್ನು ಮಕ್ಕಳ ಸೀಟಿನಲ್ಲಿ ಒಯ್ಯಬಹುದು. ತುಳಿಯುವವರಿಗೆ ಹದಿನಾರು ತುಂಬಿರಬೇಕು, ಮಗುವಿನ ಕಾಲು ಕಡ್ಡಿಗೆ ಸಿಗದಂತೆ ತಡೆ ಇರಬೇಕು. ಮೋಟರ್ ಕಿಟ್ ಹಾಕಿಸುವ ಯೋಚನೆಯಲ್ಲಿರುವವರಿಗೂ ಒಂದು ಮಾತು: 250 ವಾಟ್ ಒಳಗಿನ ಮೋಟರ್, ತುಳಿದಾಗ ಮಾತ್ರ ನೆರವಾಗಿ ಗಂಟೆಗೆ 25 ಕಿಲೋಮೀಟರ್‌ಗೆ ನಿಂತುಹೋದರೆ ಅದು ಸೈಕಲ್ಲೇ. ಅದಕ್ಕಿಂತ ವೇಗವಾಗಿ 45ರವರೆಗೆ ತಳ್ಳುವಂಥದ್ದಕ್ಕೆ ವಿಮೆಯ ನಂಬರ್ ಫಲಕ, ಚಾಲನಾ ಪರವಾನಗಿ, ಹೆಲ್ಮೆಟ್ ಎಲ್ಲವೂ ಬೇಕು.

ಹೆಲ್ಮೆಟ್ ಕಡ್ಡಾಯವಲ್ಲವೆಂದು ಹೇಳಿದೆ, ಆದರೂ ನಾನು ಹಾಕುತ್ತೇನೆ, ನೀವೂ ಹಾಕಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ; ನವೆಂಬರ್‌ನ ಒದ್ದೆ ಎಲೆಗಳ ಮೇಲೆ ಚಕ್ರ ಹೇಗೆ ಜಾರುತ್ತದೆಂಬುದು ನಮ್ಮ ಊರಿನ ಅನುಭವದಲ್ಲಿ ಇಲ್ಲ. ಒಳಗೆ ಇಎನ್ 1078 ಎಂಬ ಗುರುತು ಇರುವುದನ್ನು ನೋಡಿ, ಹೊಸದನ್ನೇ ಕೊಳ್ಳಿ; ಹಳೆಯ ಹೆಲ್ಮೆಟ್ ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ತಂಗಿಯವರಿಗೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ಬ್ರೇಕಿನ ರಬ್ಬರು ಮತ್ತು ಕೇಬಲ್, ನಂತರ ಕೆ ಗುರುತಿನ ದೀಪದ ಜೋಡಿ, ಆಮೇಲೆ ಪ್ರತಿಫಲಕ, ಗಂಟೆ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದವರೇ ಸೈಕಲ್ ರಿಪೇರಿಯ ಕೋಣೆ ನಡೆಸುತ್ತಾರೆ; ಹತ್ಯಾರುಗಳು ಅಲ್ಲೇ ಸಿಗುತ್ತವೆ, ಹೇಳಿಕೊಡುವವರೂ ಇರುತ್ತಾರೆ. ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ. ಅಲ್ಲಿಗೆ ಹೋಗುವ ಮೊದಲು, ಹಗಲಿನ ಬೆಳಕಿನಲ್ಲಿ ಡೈನಮೋ ಫೋರ್ಕಿಗೆ ಕೂತಿರುವ ಜಾಗದ ಮತ್ತು ಹಿಂದಿನ ದೀಪದ ತಳಭಾಗದ ಎರಡು ಫೋಟೋಗಳನ್ನು ಇಲ್ಲಿ ಹಾಕಿ. ಯಾವ ತಂತಿ ಎಲ್ಲಿಗೆ ಹೋಗಬೇಕೆಂದು ಗುರುತು ಮಾಡಿ ಕಳುಹಿಸುತ್ತೇನೆ.