ಲಾಗಿನ್ ಆಗುತ್ತದೆ, ಕಡತ ಮಾತ್ರ ಹೋಗುವುದಿಲ್ಲ

ಪ್ರಶ್ನೆ: ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಪುಟಗಳನ್ನು ಮನೆಯ ಕಂಪ್ಯೂಟರಿನಿಂದ ಫೈಲ್‌ಜಿಲ್ಲಾ ಎಂಬ ತಂತ್ರಾಂಶದ ಮೂಲಕ ಮುದ್ರಣಾಲಯದ ಸರ್ವರಿಗೆ ಎಫ್‌ಟಿಪಿಯಲ್ಲಿ (ಕಡತ ಸಾಗಿಸುವ ವಿಧಾನ) ಕಳುಹಿಸುತ್ತೇನೆ. ರೂಟರ್ ಬದಲಾಯಿಸಿದ ಮೇಲೆ ಲಾಗಿನ್ ಆಗುತ್ತದೆ, ಆದರೆ ಫೋಲ್ಡರುಗಳ ಪಟ್ಟಿ ಬರುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಲಾಗಿನ್ ಆಗುತ್ತಿರುವುದರಿಂದ ಪಾಸ್‌ವರ್ಡನ್ನು ಮತ್ತೆ ಮತ್ತೆ ಬದಲಾಯಿಸಿ ಪ್ರಯೋಜನವಿಲ್ಲ. ಎಫ್‌ಟಿಪಿ ಎರಡು ಸಂಪರ್ಕಗಳನ್ನು ಬಳಸುತ್ತದೆ: ಆದೇಶಗಳಿಗೆ ಸಾಮಾನ್ಯವಾಗಿ 21ನೆಯ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ), ಪಟ್ಟಿಗೂ ಕಡತಗಳಿಗೂ ಬೇರೆಯೇ ಇನ್ನೊಂದು. ಆಕ್ಟಿವ್ ವಿಧಾನದಲ್ಲಿ ಈ ಎರಡನೆಯದನ್ನು ಸರ್ವರೇ ನಿಮ್ಮ ಕಡೆಗೆ ತೆರೆಯಲು ಯತ್ನಿಸುವುದರಿಂದ, ಗುರುತಿಲ್ಲದವರನ್ನು ಗೇಟಿನಲ್ಲೇ ನಿಲ್ಲಿಸುವ ಸೊಸೈಟಿಯ ವಾಚ್‌ಮನ್‌ನಂತೆ ರೂಟರ್ ಅದನ್ನು ತಡೆಯುತ್ತದೆ. ಫೈಲ್‌ಜಿಲ್ಲಾದ ಮೇಲ್ಭಾಗದಲ್ಲಿ ಸಾಲುಸಾಲಾಗಿ ಓಡುವ ಸಂದೇಶಗಳನ್ನು ಯಾರೂ ಓದುವುದಿಲ್ಲ, ನೀವು ಓದಿ. ಅಲ್ಲಿ ‘ಪೋರ್ಟ್’ (PORT) ಎಂಬ ಆದೇಶದ ಬಳಿಕ ಎಲ್ಲವೂ ನಿಂತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಸೈಟ್ ಮ್ಯಾನೇಜರ್ ತೆರೆದು, ಟ್ರಾನ್ಸ್‌ಫರ್ ಸೆಟ್ಟಿಂಗ್ಸ್‌ನಲ್ಲಿ ‘ಪ್ಯಾಸಿವ್’ ಆಯ್ದುಕೊಂಡರೆ ಎರಡೂ ಸಂಪರ್ಕಗಳನ್ನು ನಿಮ್ಮ ಕಂಪ್ಯೂಟರೇ ತೆರೆಯುತ್ತದೆ. ಆಗಲೂ ಆಗದಿದ್ದರೆ ವಿಂಡೋಸ್ ಫೈರ್‌ವಾಲ್‌ನಲ್ಲಿ (ಕಂಪ್ಯೂಟರಿನೊಳಗಿನ ಕಾವಲು ತಂತ್ರಾಂಶ) ಫೈಲ್‌ಜಿಲ್ಲಾಗೆ ಅನುಮತಿ ಇದೆಯೇ ನೋಡಿ.

ಮುದ್ರಣಾಲಯದವರು ಎಸ್‌ಎಫ್‌ಟಿಪಿ ಎಂಬ ಇನ್ನೊಂದು, ಹೆಚ್ಚು ಸುರಕ್ಷಿತ ವಿಧಾನವನ್ನು ಕೊಡುವುದಾದರೆ ನಾನು ಅದನ್ನೇ ಆರಿಸುತ್ತೇನೆ. ಸಾಮಾನ್ಯವಾಗಿ 22ನೆಯ ಪೋರ್ಟಿನ ಒಂದೇ ಸಂಪರ್ಕದಲ್ಲಿ ಅದು ಕೆಲಸ ಮುಗಿಸುತ್ತದೆ, ಪಾಸ್‌ವರ್ಡನ್ನೂ ಗೂಢಲಿಪಿಯಲ್ಲಿ ಕಳುಹಿಸುತ್ತದೆ.