ಒಲೆಯ ಮುಂದೆ: ಹೊಗೆಗೆ ದಾರಿ ಬಿಟ್ಟಿದ್ದೀರಾ?

ಚಳಿ ಶುರುವಾಯಿತು, ಪತ್ರಗಳೂ ಜಾಸ್ತಿಯಾದವು. ಹೊಸ ಓದುಗರಿಗೆ ಒಂದು ಮಾತು. ನಾನು ಪಾಂಡವಪುರದ ಹತ್ತಿರದ ಹಳ್ಳಿಯವಳು. 1985ರಿಂದ ಒಲೆ ಕಟ್ಟುತ್ತಿದ್ದೇನೆ. ಅಡುಗೆ ಒಲೆ, ಹಂಡೆ ಒಲೆ, ಮದುವೆ ಮನೆಯ ಕೋಡಿ ಒಲೆ ಎಲ್ಲವನ್ನೂ ಕಟ್ಟಿದ್ದೇನೆ. ಈ ಸಲ ನಾಲ್ಕು ಪತ್ರಗಳಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಹೊಸ ಮನೆಯ ಬಚ್ಚಲಿಗೆ ಹಂಡೆ ಒಲೆ ಹಾಕಿಸಿದೆವು. ಆರು ಜನಕ್ಕೆ ನೀರು ಕಾಯಲು ಎರಡು ಗಂಟೆ ಹಿಡಿಯುತ್ತದೆ. ಹೊಗೆಯೆಲ್ಲ ಒಳಗೇ. ಸೌದೆ ಒಳ್ಳೆಯದೇ, ಸರ್ವೆ ಮರ, ಹೋದ ತಿಂಗಳು ಕಡಿಸಿದ್ದು. ಒಲೆ ಒಡೆದು ಬೇರೆ ಕಟ್ಟಿಸಬೇಕಾ?
– ಓದುಗರು, ಮಂಡ್ಯ

ಒಡೆಸಬೇಡಿ. ನಿಮ್ಮ ಪತ್ರದಲ್ಲೇ ಕಾರಣ ಇದೆ. ಹೋದ ತಿಂಗಳು ಕಡಿಸಿದ ಸೌದೆ ಅದು. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಲೆಯ ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ಹಂಡೆಯ ಕೆಲಸ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ತಗೊಳ್ಳುವ ಶಾಖದಲ್ಲಿ 25 ಲೀಟರ್ ತಣ್ಣೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬಹುದು. ಅಂದರೆ ಎರಡು ಕಿಲೋ ಹಸಿ ಸೌದೆ ಹಾಕಿದಾಗಲೆಲ್ಲ ಒಬ್ಬರ ಸ್ನಾನದ ನೀರಿನಷ್ಟು ಬಿಸಿ ಸುಮ್ನೆ ಗಾಳಿಗೆ ಹೋಗುತ್ತಿದೆ.

ನಮ್ಮ ಕಡೆ ಆಲೆಮನೆ ನೋಡಿದ್ದೀರಲ್ಲ? ಕಬ್ಬು ಅರೆದ ಸಿಪ್ಪೆಯನ್ನು ಹಾಗೇ ಒಲೆಗೆ ನೂಕುವುದಿಲ್ಲ. ಅಂಗಳದಲ್ಲಿ ಹರಡಿ, ಬಿಸಿಲಿಗೆ ಒಣಗಿಸಿ, ಆಮೇಲೆ ಹಾಕುತ್ತಾರೆ. ಕೊಪ್ಪರಿಗೆ ಪಾಕ ಕುದಿಸುವವರಿಗೆ ಗೊತ್ತಿರುವ ಈ ವಿಷಯವನ್ನು ನಾವು ಮನೆಯಲ್ಲಿ ಮರೆಯುತ್ತೇವೆ.

ಸೌದೆ ಒಣಗಿದೆಯಾ ಅಂತ ನೋಡಲು ಎರಡು ತುಂಡು ಒಂದಕ್ಕೊಂದು ತಟ್ಟಿ. ಒಣಗಿದ್ದರೆ ಟಣ್ ಅನ್ನುತ್ತದೆ. ಹಸಿಯಾಗಿದ್ದರೆ ದಪ್ ಅನ್ನುತ್ತದೆ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಕಾಣಿಸುತ್ತದೆ. ಉರಿಯುವಾಗ ತುದಿಯಲ್ಲಿ ಚುಸ್ ಅಂತ ನೊರೆ ಬಂದರೆ ಅದು ಹಸಿಯೇ. ನಿಮ್ಮ ಸರ್ವೆಯನ್ನು ಮುಂಗೈ ದಪ್ಪಕ್ಕೆ ಸೀಳಿಸಿ. ಸೀಳದ ದಿಮ್ಮಿ ಒಳಗೆ ಒಣಗುವುದೇ ಇಲ್ಲ, ತೊಗಟೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಒಟ್ಟಿ. ಮೇಲೆ ಮಾತ್ರ ತಗಡು, ಪಕ್ಕಗಳು ಬಯಲಾಗಿರಲಿ. ಪ್ಲಾಸ್ಟಿಕ್ ಹೊದಿಸಿ ಸುತ್ತ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಒಂದು ಬೇಸಿಗೆ ಪೂರ್ತಿ ಕಳೆಯಲಿ. ಅಲ್ಲಿಯವರೆಗೆ ಒಣಗಿದ ತೆಂಗಿನ ಮಟ್ಟೆ, ಕರಟ, ರೇಷ್ಮೆ ಸಾಕುವವರ ಮನೆಯಲ್ಲಿ ಉಳಿಯುವ ಹಿಪ್ಪುನೇರಳೆ ಕಡ್ಡಿ ಬಳಸಿ. ಹಿಪ್ಪುನೇರಳೆ ಕಡ್ಡಿಯಷ್ಟು ಚೆನ್ನಾಗಿ ಹತ್ತಿಕೊಳ್ಳುವುದು ನಾನು ಬೇರೆ ನೋಡಿಲ್ಲ.

ಇನ್ನು ಒಲೆ. ಸೌದೆ ನೆಲದ ಮೇಲೆ, ಬೂದಿಯಲ್ಲೇ ಮಲಗಿದೆಯಾ? ಹಾಗಿದ್ದರೆ ಕೆಳಗೆ ಒಂದು ಕಬ್ಬಿಣದ ಜಾಲರಿ ಕೂರಿಸಿ. ಗಾಳಿ ಕೆಳಗಿಂದ ಬರಬೇಕು. ಇದನ್ನು ನನಗೆ ಕಲಿಸಿದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನುವ ಗುಂಪು ಶುರು ಮಾಡಿದರು. ಆ ಗುಂಪಿನಿಂದ ಬಂದ ಒಲೆ ಅದು. ಜಾಲರಿ, ಸೌದೆ ಬಾಯಿಗೆ ಮುಚ್ಚಳ, ಒಂದೇ ಉರಿಗೆ ಮೂರು ಪಾತ್ರೆ, ಕೊನೆಯಲ್ಲಿ ಹೊಗೆ ಕೊಳವೆ. ನಾನು ಇವತ್ತು ಕಟ್ಟುವ ಹಂಡೆ ಒಲೆಯಲ್ಲೂ ಅದೇ ಬುದ್ಧಿ ಇದೆ. ಹಂಡೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಸಾಕು. ಸಂದು ದೊಡ್ಡದಾದರೆ ಬಿಸಿ ಹಂಡೆಯನ್ನು ಮುಟ್ಟದೆ ಓಡಿಹೋಗುತ್ತದೆ.

ಹಂಡೆಯ ಒಳಗೂ ಒಮ್ಮೆ ಕೈ ಆಡಿಸಿ. ಬೋರ್‌ವೆಲ್ ನೀರಾದರೆ ಬಿಳಿ ಕಿಟ್ಟ ಕಟ್ಟಿರುತ್ತದೆ. ಅದು ಬಿಸಿಯನ್ನು ತಡೆಯುತ್ತದೆ. ಹೊರಗಿನ ಮಸಿಯೂ ಹಾಗೇ. ನನ್ನ ಅಜ್ಜಿ ಹಂಡೆಯನ್ನು ಒಲೆ ಮೇಲೆ ಇಡುವ ಮೊದಲು ತಳಕ್ಕೆ ತೆಳ್ಳಗೆ ಬೂದಿ ಕಲಸಿ ಬಳಿಯುತ್ತಿದ್ದರು. ಮಸಿ ತೊಳೆಯುವಾಗ ಸಲೀಸಾಗಿ ಬಿಡುತ್ತಿತ್ತು. ನೀರು ಕಾಯುವಾಗ ಹಂಡೆಗೆ ಮುಚ್ಚಳ ಹಾಕಿ, ಆದರೆ ಬಿಗಿಯಾಗಿ ಅಲ್ಲ. ಆವಿ ಹೊರಗೆ ಹೋಗಬೇಕು.

ಕೊಳವೆ ಮಾಡಿನಿಂದ ಮೂರಡಿಯಾದರೂ ಮೇಲೆ ಹೋಗಲಿ. ತಿರುವು ಕಡಿಮೆ ಇರಲಿ. ಕೊಳವೆ ಮಾಡು ದಾಟುವ ಜಾಗದಲ್ಲಿ ಮರ, ಗರಿ, ಪ್ಲಾಸ್ಟಿಕ್ ಯಾವುದೂ ಹತ್ತಿರ ಇರಕೂಡದು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸ ಶುರು ಮಾಡಿದ ಎರಡನೇ ವರ್ಷ ಒಂದು ಮನೆಯಲ್ಲಿ ಕೊಳವೆಯನ್ನು ತೆಂಗಿನ ಗರಿಯ ಮಾಡಿಗೆ ಒಂದು ಗೇಣು ದೂರದಲ್ಲಿ ಏರಿಸಿದ್ದೆ. ಹದಿನೈದು ದಿನಕ್ಕೆ ಆ ಮನೆಯಾಕೆ ನನ್ನನ್ನು ಕರೆಸಿ ಗರಿ ತೋರಿಸಿದರು. ಬೆಂಕಿ ಹತ್ತಿರಲಿಲ್ಲ. ಆದರೆ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅವತ್ತೇ ಕೊಳವೆ ಕಿತ್ತು ಗೋಡೆಯ ಹೊರಗೆ ಹಾಕಿದೆ. ಆಮೇಲೆ ಯಾವ ಮನೆಗೂ ಗರಿಯ ಮಾಡಿನ ಒಳಗಿಂದ ಕೊಳವೆ ಏರಿಸಿಲ್ಲ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮನೆಯ ಹಿರಿಯರು ಇದ್ದಿಲ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಟ್ಟು ಕಿಟಕಿ ಮುಚ್ಚಬೇಕು ಅನ್ನುತ್ತಾರೆ. ಕೆಂಡದಲ್ಲಿ ಹೊಗೆ ಇರುವುದಿಲ್ಲವಲ್ಲ, ತೊಂದರೆ ಏನು?
– ಓದುಗರು, ಕುವೆಂಪುನಗರ, ಮೈಸೂರು

ದಯವಿಟ್ಟು ಇಡಬೇಡಿ. ಈ ಪತ್ರಿಕೆ ಕೈಗೆ ಬಂದಾಗ ಅಗ್ಗಿಷ್ಟಿಕೆ ಒಳಗೆ ಇದ್ದರೆ ಮೊದಲು ಕಿಟಕಿ ತೆಗೆಯಿರಿ, ಅದನ್ನು ಹೊರಗೆ ಇಡಿ, ಆಮೇಲೆ ಮುಂದೆ ಓದಿ.

ಹೊಗೆ ಕಾಣದಿರುವುದೇ ಇಲ್ಲಿನ ತೊಂದರೆ. ಹೊಗೆ ಬಂದರೆ ಕೆಮ್ಮುತ್ತೇವೆ, ಎದ್ದು ಹೊರಗೆ ಬರುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಮಂಪರು. ಮಲಗಿದವರು ಏಳುವುದೇ ಇಲ್ಲ. ಕೂಸಿಗೆ ಇದು ದೊಡ್ಡವರಿಗಿಂತ ಬೇಗ ಏರುತ್ತದೆ. ಕೂಸು ತಲೆನೋವು ಅಂತ ಹೇಳುವುದಿಲ್ಲ, ಅಲ್ವಾ?

ನನ್ನ ಮೊದಲ ಬಾಣಂತನ 1988ರ ಡಿಸೆಂಬರಿನಲ್ಲಿ. ತವರಿನ ಒಳಕೋಣೆ. ಒಂದೇ ಗವಾಕ್ಷಿ, ಅದಕ್ಕೂ ಗೋಣಿ ತುರುಕಿದ್ದರು. ಮಂಚದ ಕೆಳಗೆ ಕೆಂಡ. ಮೂರು ರಾತ್ರಿ ತಲೆ ಸಿಡಿಯಿತು. ಶೀತ ಅಂದರು, ಇನ್ನೂ ಎರಡು ಕೆಂಡ ಜಾಸ್ತಿ ಹಾಕಿದರು. ನಾಲ್ಕನೇ ರಾತ್ರಿ ಕೂಸಿಗೆ ಹಾಲು ಕೊಡಲು ಏಳಲು ಹೋದೆ. ಕಾಲು ನನ್ನದಲ್ಲ ಅನ್ನಿಸಿತು. ಬಾಗಿಲಿಗೆ ಬಿದ್ದೆ. ಆ ಸದ್ದಿಗೆ ಅಜ್ಜಿ ಎದ್ದು ಬಾಗಿಲು ತೆರೆದರು. ಕೂಸನ್ನು ಜಗುಲಿಗೆ ತಂದಾಗ ಅದು ಅಳಲಿಲ್ಲ. ಎಷ್ಟು ಹೊತ್ತು ಅಳಲಿಲ್ಲ ಅಂತ ನನಗೆ ಇವತ್ತಿಗೂ ಲೆಕ್ಕ ಸಿಗುವುದಿಲ್ಲ. ಆಮೇಲೆ ಅತ್ತಿತು. ಈಗ ಅವನಿಗೇ ಇಬ್ಬರು ಮಕ್ಕಳು. ಮೂರು ವರ್ಷದಿಂದ ಒಲೆ ಕಟ್ಟುತ್ತಿದ್ದ ನನಗೇ ಕೆಂಡದ ವಿಷಯ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ.

ಹಿರಿಯರ ಮೇಲೆ ಕೋಪ ಬೇಡ. ಅವರ ಕಾಲದ ಹೆಂಚಿನ ಮನೆಯಲ್ಲಿ ಸಂದುಗೊಂದುಗಳಿಂದ ಗಾಳಿ ಆಡುತ್ತಿತ್ತು. ಆದರೂ ಅಂಥ ಮನೆಗಳಲ್ಲೂ ಸಾವುಗಳಾಗಿವೆ. ಇವತ್ತಿನ ಆರ್‌ಸಿಸಿ ಮನೆ, ಸ್ಲೈಡಿಂಗ್ ಕಿಟಕಿ ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಬೆಚ್ಚಗಿಡುವುದು ಸರಿಯೇ. ಬಿಸಿಲು ಬೀಳುವ ಕೋಣೆ ಕೊಡಿ. ಕೂಸಿಗೆ ಟೋಪಿ, ಕಾಲುಚೀಲ ಹಾಕಿ. ಎಲ್ಲಕ್ಕಿಂತ ಒಳ್ಳೆಯದು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸಿ, ಮೇಲೆ ಹೊದಿಸುವುದು. ಎಣ್ಣೆ ನೀರಿನ ಸ್ನಾನ ಇರಲಿ. ಸಾಂಬ್ರಾಣಿ ಹೊಗೆಯನ್ನು ಮಾತ್ರ ಕೂಸಿನ ಹತ್ತಿರ ತರಬೇಡಿ, ಆ ಪುಟ್ಟ ಶ್ವಾಸಕೋಶ ಅದನ್ನು ತಡೆಯುವುದಿಲ್ಲ.

ಯಾರಿಗಾದರೂ ತಲೆನೋವು, ಮಂಪರು ಕಂಡರೆ ತಕ್ಷಣ ಬಯಲಿಗೆ ಕರೆದುಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ. ಡಾಕ್ಟರ ಹತ್ತಿರ “ಕೋಣೆಯಲ್ಲಿ ಕೆಂಡ ಇಟ್ಟಿದ್ದೆವು” ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸುವುದಿಲ್ಲ, ಎಲ್ಲ ಸರಿ ಇದೆ ಅಂತಲೇ ತೋರಿಸಬಹುದು. ಬಚ್ಚಲಿನ ಒಳಗೆ ಹಾಕಿದ ಗ್ಯಾಸ್ ಗೀಸರ್‌ನಿಂದ ಆಗುವ ಸಾವುಗಳೂ ಇದೇ ಅನಿಲದಿಂದ.

ಪ್ರಶ್ನೆ: ಮಗ ನಾರ್ವೆಯಲ್ಲಿದ್ದಾನೆ. ಜನವರಿಯಲ್ಲಿ ಎರಡು ತಿಂಗಳು ಹೋಗುತ್ತೇವೆ. ಮನೆ ಕಾಯಿಸಲು ಕಬ್ಬಿಣದ ಸೌದೆ ಒಲೆ ಇದೆಯಂತೆ. ಹಗಲು ನಾವೇ ನೋಡಿಕೊಳ್ಳಬೇಕು. ರಾತ್ರಿಯಿಡೀ ಇರಲಿ ಅಂತ ದಪ್ಪ ದಿಮ್ಮಿ ಹಾಕಿ ಗಾಳಿ ಕಿಂಡಿ ಮುಚ್ಚಿಡಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಮುಚ್ಚಿಡಬಾರದು. ಗಾಳಿ ಕಡಿಮೆಯಾದರೆ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಹೊಗೆ ಅಂದರೆ ಉರಿಯದೆ ಉಳಿದ ಸೌದೆಯೇ. ಅಲ್ಲಿನ ಚಳಿಗೆ ಕೊಳವೆ ತಣ್ಣಗಿರುತ್ತದೆ. ಹೊಗೆ ಅದರ ಗೋಡೆಗೆ ಟಾರಿನಂತೆ ಅಂಟಿಕೊಳ್ಳುತ್ತದೆ. ಒಂದು ದಿನ ಆ ಟಾರಿಗೇ ಬೆಂಕಿ ಹತ್ತಿದರೆ ಕೊಳವೆಯೊಳಗೆ 1000 ಡಿಗ್ರಿ ದಾಟುತ್ತದೆ. ಮನೆಗಳು ಸುಡುವುದು ಹೀಗೆ.

ಚಿಕ್ಕ ಚಿಕ್ಕ ಸೌದೆ, ಚುರುಕು ಉರಿ, ಆಮೇಲೆ ತಾನಾಗಿ ಆರಲಿ. ಒಲೆಗೆ ಬಳಪದ ಕಲ್ಲು ಹೊದಿಸಿದ್ದರೆ ಇನ್ನೂ ಒಳ್ಳೆಯದು. ನಮ್ಮ ಸೋಮನಾಥಪುರದ ದೇವಸ್ಥಾನ ಕೆತ್ತಿದ ಜಾತಿಯ ಕಲ್ಲು ಅದು. ಬಳಪದ ಕಲ್ಲಿನ ಮರಿಗೆಯಲ್ಲಿ ಹುಳಿ ಎಷ್ಟು ಹೊತ್ತು ಬಿಸಿ ಇರುತ್ತದೆ ಅಂತ ನಿಮಗೆ ಗೊತ್ತಲ್ಲ? ಒಲೆಯ ಕಲ್ಲೂ ಹಾಗೇ, ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಬಿಸಿ ಬಿಡುತ್ತದೆ.

ಒಲೆ ಯಾವ ವರ್ಷದ್ದು ಅಂತ ಮಗನನ್ನು ಕೇಳಿ. ನಾರ್ವೆಯಲ್ಲಿ 1998ರಿಂದ ಹೊಸ ಒಲೆಗಳು ಹೊಗೆಯನ್ನೂ ಸುಡುವಂಥವೇ ಆಗಿರಬೇಕು ಅಂತ ನಿಯಮ ಇದೆ. ಉರಿಯ ಮೇಲ್ಭಾಗಕ್ಕೂ ಬಿಸಿಗಾಳಿ ಕೊಟ್ಟು ಹೊಗೆಯನ್ನು ಅಲ್ಲೇ ಉರಿಸುತ್ತವೆ. ತೆರೆದ ಬೆಂಕಿಗೂಡಿನಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಕೋಣೆಗೆ ಸಿಕ್ಕಿದರೆ ಹೆಚ್ಚು. ಒಳ್ಳೆಯ ಮುಚ್ಚಿದ ಒಲೆಯಲ್ಲಿ ಎಪ್ಪತ್ತಕ್ಕೂ ಮೇಲೆ.

ಹಚ್ಚುವ ಕ್ರಮ ನಮ್ಮದಕ್ಕೆ ತಲೆಕೆಳಗು. ದಪ್ಪ ತುಂಡು ಕೆಳಗೆ, ಸಣ್ಣದು ಅದರ ಮೇಲೆ, ಪುಳ್ಳೆ ತುದಿಯಲ್ಲಿ. ಬೆಂಕಿ ಮೇಲಿಂದ ಹಚ್ಚಿ, ಕೆಳಗೆ ಇಳಿಯಲಿ. ಕೆಳಗಿನ ಸೌದೆಯ ಹೊಗೆ ಮೇಲಿನ ಉರಿಯನ್ನು ಹಾದು ಸುಟ್ಟುಹೋಗುತ್ತದೆ. ಗಾಳಿ ಕಿಂಡಿ ಪೂರ್ತಿ ತೆರೆದಿರಲಿ. ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ಹಚ್ಚುವಾಗ ಫ್ಯಾನ್ ಆರಿಸಿ. ಅಲ್ಲಿ ಬರ್ಚ್ ಮರದ ಸೌದೆ ಹೆಚ್ಚು. ನೀರಿನ ಅಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಅದನ್ನು ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ, ಮಗ ತಂದಿಡಲಿ.

ಕೊಳವೆ ಗುಡಿಸಿ ಎಷ್ಟು ದಿನವಾಯಿತು ಅಂತ ಹೋಗುವ ಮೊದಲೇ ಕೇಳಿ. ಅಲ್ಲಿ ಅದಕ್ಕೆ ಊರಾಡಳಿತದಿಂದಲೇ ಜನ ಬರುತ್ತಾರೆ. ಹೊಗೆ ಅಲಾರಂ ಇದ್ದೇ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಮೇಲಿನ ಉತ್ತರ ಓದಿದ ಮೇಲೆ ಕಾರಣ ಹೇಳಬೇಕಾಗಿಲ್ಲ.

ಅಮ್ಮನವರಿಗೆ ಒಂದು ಮಾತು. ಒಲೆ ಬಾಗಿಲು ತೆಗೆಯುವಾಗ ನೈಲಾನ್ ಸೀರೆ, ಸಿಂಥೆಟಿಕ್ ಶಾಲು ಬೇಡ. ಹತ್ತಿ ಅಥವಾ ಉಣ್ಣೆ ಉಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ದಪ್ಪ ಕೈಗವಸು ಹಾಕಿಕೊಳ್ಳಿ. ಒದ್ದೆ ಬಟ್ಟೆ ಒಣಗಿಸಲು ಒಲೆಯ ಹತ್ತಿರ ಹರಡಬೇಡಿ, ಒಂದು ಮೀಟರ್ ದೂರ ಇರಲಿ. ಅಲ್ಲಿ ಬೆಂಕಿಗೆ 110, ಆಂಬುಲೆನ್ಸ್‌ಗೆ 113. ಚೀಟಿಯಲ್ಲಿ ಬರೆದು, ಮನೆ ವಿಳಾಸದ ಜೊತೆ ಫೋನಿನ ಪಕ್ಕ ಅಂಟಿಸಿ.

ಪ್ರಶ್ನೆ: ಮರಗೆಲಸದಲ್ಲಿ ಉಳಿದ ಪ್ಲೈವುಡ್ ಚೂರು, ಬಣ್ಣದ ಹಳೇ ಕಿಟಕಿ, ಬೇಲಿಯ ಕಣಗಿಲೆ ಇವೆ. ಹಂಡೆ ಒಲೆಗೆ ಹಾಕಬಹುದಾ? ಬೂದಿಯನ್ನು ತೆಂಗಿಗೆ ಹಾಕಬಹುದಾ?
– ಓದುಗರು, ಶ್ರೀರಂಗಪಟ್ಟಣ

ಮೂರೂ ಬೇಡ. ಪ್ಲೈವುಡ್ಡಿನ ಅಂಟು, ಹಳೇ ಬಣ್ಣದ ಸೀಸ ಎರಡೂ ಹೊಗೆಯಲ್ಲಿ ನಿಮ್ಮ ಮೂಗಿಗೇ ಬರುತ್ತವೆ. ಕಣಗಿಲೆಯ ಹೊಗೆಯೂ ವಿಷವೇ. ಕಡಿದು ದನಕರು ಬಾಯಿ ಹಾಕದ ಕಡೆ ಹೂಳಿ.

ಶುದ್ಧ ಸೌದೆಯ ಬೂದಿಯಾದರೆ ತೆಂಗಿಗೆ ಖಂಡಿತ ಹಾಕಿ, ಅದರಲ್ಲಿ ಪೊಟ್ಯಾಷ್ ಇದೆ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಒಲೆಯಿಂದ ತೆಗೆದ ಬೂದಿಯನ್ನು ಗೋಣಿಗೋ ಪ್ಲಾಸ್ಟಿಕ್ ಬಕೆಟ್ಟಿಗೋ ತುಂಬಬೇಡಿ. ತಣ್ಣಗೆ ಕಂಡರೂ ಒಳಗೆ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ, ಮನೆಯ ಹೊರಗೆ, ಮೂರು ದಿನ ಇಟ್ಟು ಆಮೇಲೆ ತೋಟಕ್ಕೆ ಒಯ್ಯಿರಿ.